ಮೂರು ನೊಣ, ಒಂದು ಹುಂಜ

ಮೇ 11, ಬೆಳಿಗ್ಗೆ 4:50

‘ನೀರಿನ ಮೇಲೆ ನಿಂತದ್ದು ನೀರನ್ನು ನಂಬಿ ನಿಂತಿರುತ್ತದೆ’ — ಹೀಗೇ ಇತ್ತೇ ಆ ಸಾಲು? ‘ನಂಬದೆ’ ಎಂದಿತ್ತೇ? ಎಂ.ಎ. ಓದುವಾಗ ಲೈಬ್ರರಿಯ ಯಾವುದೋ ಪುಸ್ತಕದ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದು. ಪುಸ್ತಕ ನೆನಪಿಲ್ಲ. ಹಲ್ಲುಜ್ಜುವಾಗ ಬಂತು, ಬೂಟಿನ ಲೇಸು ಕಟ್ಟುವಾಗಲೂ ಹೋಗಿಲ್ಲ.

ಮೀನಿಗೆಂದು ನಾನು ಗಾಳದ ಕೊಕ್ಕೆಗೆ ಕಟ್ಟುವ ತೇಲುವ ಹುಸಿ ನೊಣಕ್ಕಂತೂ ನಂಬಿಕೆ ಗಿಂಬಿಕೆ ಏನೂ ಇಲ್ಲ. ಅದು ನಿಲ್ಲುವುದು ಹುಂಜದ ಕತ್ತಿನ ಗರಿಯ ಮೇಲೆ. ಕೊಕ್ಕೆಗೆ ಸುತ್ತಿದ ಗಡಸು ಎಳೆಗಳು, ನೂರು ಪುಟ್ಟ ಕಾಲು.

ಡಬ್ಬಿಯಲ್ಲಿ ಮೂರೇ ಬಗೆ. ಜಿಂಕೆಕೂದಲು, ಬೂದು, ಕರಿ ಇರುವೆ. ರಭಸಕ್ಕೆ ಜಿಂಕೆಕೂದಲು, ಮಡುವಿಗೆ ಬೂದು, ಮರದ ನೆರಳಿಗೆ ಇರುವೆ. ಇಷ್ಟೇ ನನ್ನ ಶಾಸ್ತ್ರ. ಮೂರಕ್ಕೂ ಗರಿ ಪಕ್ಕದ ಮನೆಯ ಇಸೊ ಅಜ್ಜಿಯ ಹುಂಜದ್ದು. ಪ್ರತಿ ಹೊಸವರ್ಷಕ್ಕೆ ಒಂದು ಕಾಗದದ ಪೊಟ್ಟಣ. ಹಿಮ ಬೀಳುವ ತಿಂಗಳುಗಳಲ್ಲಿ ಕೂತು ಕಟ್ಟುತ್ತೇನೆ.

ಮಾರ್ಚ್ ಸಭೆಯ ಮಾತನ್ನು ಇಲ್ಲಿ ಬರೆದಿಡಬೇಕು. ಅಣೆಕಟ್ಟೆಯಿಂದ ಮೇಲಕ್ಕಿರುವ ತೊಚಿ ಹೊಳೆಗೆ ಯಾರೂ ಎಂದೂ ಸಾಕಿದ ಮೀನುಮರಿ ಬಿಟ್ಟಿಲ್ಲ. ಅಲ್ಲಿರುವ ಟ್ರೌಟು ಮೀನು — ನಮ್ಮವರು ಇವಾನಾ ಎನ್ನುತ್ತಾರೆ — ಆ ಹೊಳೆಯದೇ ಸಂತಾನ. ಬೆನ್ನ ಮೇಲೆ ನುಚ್ಚಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಮೀನುಗಾರರ ಸಂಘ ಬರುವ ವಸಂತಕ್ಕೆ ಅಲ್ಲಿಗೂ ಸಾಕಿದ ಮೀನು ಸುರಿಯಬೇಕೆಂದಿದೆ. ಒಮ್ಮೆ ಬೆರೆತರೆ ಬೇರೆ ಮಾಡುವಂತಿಲ್ಲ. ನಾನು ಎದ್ದು ನಿಂತೆ: ಅಲ್ಲಿ ಮೀನಿದೆ, ಹಿಡಿದು ಬಿಟ್ಟ ನಾಲ್ಕು ವರ್ಷದ ಲೆಕ್ಕ ನನ್ನಲ್ಲಿದೆ. 46, 51, 44, 49. ಅಧ್ಯಕ್ಷ ಕೊನ್ನೊ-ಸಾನ್ ಹೇಳಿದ್ದು: ಈ ವರ್ಷವೂ ಬರೆಯಿರಿ. ಅದೇ ಜಾಗ, ಅದೇ ಇಪ್ಪತ್ತು ಬೆಳಗು, ಅದೇ ಮೂರು ನೊಣ. ಮೂವತ್ತು ದಾಟಿದರೆ ಹೊಳೆ ಇದ್ದ ಹಾಗೇ ಇರಲಿ. ದಾಟದಿದ್ದರೆ ಲಾರಿ ಬರುತ್ತದೆ.

ಇವತ್ತು ಮೊದಲನೆಯ ಬೆಳಗು. ಕರಡಿ ಹತ್ತಿರ ಬರದಂತೆ ಕಟ್ಟಿಕೊಳ್ಳುವ ಗಂಟೆ ಎಲ್ಲಿಟ್ಟೆ?

ಅದೇ ದಿನ, ಮಧ್ಯಾಹ್ನ

ಒಂದು. ಇರುವೆ ನೊಣಕ್ಕೆ ಸಿಕ್ಕ ಮೀನು. ಅಂಗೈ ಉದ್ದ.

ಮೇ 16

ಸೊನ್ನೆ. ಹೊರಡುವಾಗ ಏನೋ ಕಡಿಮೆ ಅನಿಸಿತು. ಅರ್ಧ ದಾರಿಯಲ್ಲಿ ಹೊಳೆಯಿತು — ಹುಂಜ ಕೂಗಲಿಲ್ಲ. ನಾಲ್ಕು ವರ್ಷ ನನ್ನನ್ನು ಎಬ್ಬಿಸಿದ್ದು ಅದೇ. ಯೋಚಿಸಿದರೆ ಈ ವರ್ಷ ಒಂದು ದಿನವೂ ಕೂಗಿದ ನೆನಪಿಲ್ಲ.

ಮೇ 29

ನಾಲ್ಕು ಬೆಳಗಾಯಿತು. ತಿಂಗಳಿಗೆ ಎರಡೇ ಮೀನು.

ಬೂದು ನೊಣ ಮಡುವಿನ ಮೇಲೆ ಇಳಿಯಿತು. ಮೂರು ಎಣಿಸುವಷ್ಟು ಹೊತ್ತು ನಿಂತಿತು. ಆಮೇಲೆ ಒದ್ದೆ ಕಾಗದದ ಹಾಗೆ ಒಳಗೆ ಹೋಯಿತು. ಒರೆಸಿದೆ, ಊದಿದೆ, ಮೇಣ ಸವರಿದೆ. ಮತ್ತೆ ಅದೇ. ಒಂದು ಮೀನು ಎದ್ದು ಬಂದಿತ್ತು, ಕಂಡೆ. ಮುಳುಗುತ್ತಿರುವ ನೊಣವನ್ನು ನೋಡಿ, ಗುರುತಿಲ್ಲದವರ ಮನೆಗೆ ತಪ್ಪಿ ಬಂದವರ ಹಾಗೆ, ಮರ್ಯಾದೆಯಿಂದ ತಿರುಗಿತು.

ಕೈ ಕೆಟ್ಟಿದೆಯೇ? ಚಳಿಗಾಲದಲ್ಲಿ ಕನ್ನಡಕದ ನಂಬರು ಬದಲಾಯಿತಲ್ಲ. ಸುತ್ತು ಸಡಿಲ ಬಿದ್ದಿರಬೇಕು.

ಜೂನ್ 8

ಸೇತುವೆಯ ಹತ್ತಿರ ಕೊನ್ನೊ-ಸಾನ್ ತಮ್ಮ ಪುಟ್ಟ ಬಿಳಿ ಟ್ರಕ್ ನಿಲ್ಲಿಸಿ ಕಿಟಕಿ ಇಳಿಸಿದರು. ಲೈಬ್ರರಿಯಲ್ಲಿ ನಾನು ಪದ್ಯ ಕಲಿಸುವುದು ಅವರಿಗೆ ಸದಾ ತಮಾಷೆ.

“ಏನ್ರೀ ಟೀಚರಮ್ಮ, ನಿಮ್ಮ ಮೀನುಗಳು ಪದ್ಯ ಕೇಳ್ಕೊಂಡು ನಿದ್ದೆ ಹೋದ್ವಾ?”

“ಎದ್ದಿವೆ. ಅಧ್ಯಕ್ಷರು ಬರ್ತಿದಾರೆ ಅಂತ ಬಚ್ಚಿಟ್ಕೊಂಡಿವೆ.”

“ಎಷ್ಟಾಯ್ತು?”

“ಮೂರು.”

ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ನೋಡಿ, ಜನ ಮೀನು ಹಿಡಿಯೋ ಟಿಕೆಟ್ ತಗೊಂಡು ಸೆಂಡಾಯ್‌ನಿಂದ ಬರ್ತಾರೆ, ಬರಿಗೈಲಿ ಹೋಗ್ತಾರೆ. ನಾನೇನು ಹೊಳೆಗೆ ವಿಷ ಹಾಕ್ತಿದೀನಾ? ಮೀನು ತಾನೆ ಹಾಕ್ತಿರೋದು?”

 

ಜೂನ್ 9

ಪೇಟೆಯಿಂದ ತಂದ ಹುರುಳಿ ಹೂರಣದ ಬನ್ನು ಹಿಡಿದು ಇಸೊ ಅಜ್ಜಿಯ ಮನೆಗೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಅವರು ಬರಿಗೈಯಲ್ಲಿ ಕಳಿಸುವ ಹಾಗೂ ಇಲ್ಲ. ಐದು ವರ್ಷದಿಂದ ನನ್ನ ಬಟ್ಟಲು ಅಲ್ಲಿ, ಅವರ ಡಬ್ಬ ಇಲ್ಲಿ. ಯಾರದು ಯಾರಲ್ಲಿ ಇದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ.

ಜಗಲಿಯಲ್ಲಿ ಬಾರ್ಲಿ ಚಹಾ. ಎಪ್ಪತ್ತಾರಕ್ಕೂ ನೆಟ್ಟಗೆ ಕೂರುತ್ತಾರೆ. ನನ್ನ ಬೆನ್ನೇ ಬಾಗುತ್ತದೆ.

“ಯಜಮಾನ್ರು ಹೇಗಿದಾರೆ?” ಎಂದೆ. ಗಂಡ ಹೋಗಿ ಇಪ್ಪತ್ತು ವರ್ಷ. ಹುಂಜಕ್ಕೇ ಆ ಹೆಸರು. ಊರಿಗೆಲ್ಲ ಗೊತ್ತಿರುವ ತಮಾಷೆ, ಅವರೇ ಶುರು ಮಾಡಿದ್ದು.

“ಇದಾರೆ. ಹಿಂದಿನ ಕೊಟ್ಟಿಗೇಲಿ. ಸೈತಾಮಾದಿಂದ ಆ ಹೊಸ ದಂಪತಿ ಬಂದಿದಾರಲ್ಲ, ಮೇಲ್ಮನೆಗೆ. ಪಾಪ, ಪಟ್ಟಣದವರು, ನಿದ್ದೆ ಕೆಡುತ್ತಂತೆ. ಒಂಬತ್ತು ಗಂಟೆ ತನಕ ಪಂಜರಕ್ಕೆ ರಜಾಯಿ ಹೊದಿಸಿಡ್ತೀನಿ.”

“ಕೋಪ ಮಾಡ್ಕೊಳಲ್ವಾ?”

“ಮಾಡ್ಕೊಂಡು ಎಲ್ಲಿಗೆ ಹೋಗ್ತಾರೆ? ನಮ್ಮನೆಯವರು ಯಾವತ್ತು ನನ್ನ ಮಾತು ಮೀರಿದಾರೆ?”

ಗರಿ ಸ್ವಲ್ಪ ಮೆತ್ತಗಿದೆ ಎಂದು ಹೇಳಬೇಕೆಂದು ಹೋದವಳು. ನಾಲಿಗೆ ತುದಿಯವರೆಗೆ ಬಂತು. ಅವರು ಒಳಗಿಂದ ಉಪ್ಪಿನಲ್ಲಿಟ್ಟ ಪ್ಲಮ್ ತಂದು ಮುಂದಿಟ್ಟರು. ಅದನ್ನು ತಿಂದೆ, ಮಾತನ್ನೂ ನುಂಗಿದೆ. ಉಡುಗೊರೆಯನ್ನು ತಿರುವಿ ಕೊರತೆ ಹುಡುಕುವವರು ಈ ಕಣಿವೆಯಲ್ಲಿ ಇಲ್ಲ.

ಜುಲೈ 3

ಒಟ್ಟು ಆರು. ಹೋದ ವರ್ಷ ಈ ಹೊತ್ತಿಗೆ ಇಪ್ಪತ್ತೊಂದು.

ಮನೆಯಲ್ಲಿ ಕೂರಲಾಗುತ್ತಿಲ್ಲ. ಪುಸ್ತಕ ತೆಗೆಯುತ್ತೇನೆ, ಎರಡು ಸಾಲು, ಎದ್ದು ಕಿಟಕಿಗೆ ಹೋಗುತ್ತೇನೆ. ಹೊಳೆ ಖಾಲಿಯಾಗಿದೆಯೋ, ನಾನೋ? ಎರಡರಲ್ಲಿ ಒಂದು ಗೊತ್ತಾದರೆ ಸಾಕು.

ಜುಲೈ 19

ಪೇಟೆಯ ಗಾಳದ ಅಂಗಡಿಗೆ ಹೋದೆ. ಗಾಜಿನ ಕೆಳಗೆ ನೂರಾರು ನೊಣ. ರಬ್ಬರಿನ ಕಾಲು, ಹೊಳೆಯುವ ಬೆನ್ನು, ನೊರೆಯಂಥದ್ದೇನೋ ಹೊದ್ದದ್ದು. ಎಷ್ಟು ಹೊತ್ತು ನಿಂತೆನೋ. ಅಂಗಡಿಯವರು ಕುರ್ಚಿ ತಂದುಕೊಟ್ಟರು.

ಒಂದು ಕೊಂಡೆ. ಎಂದೂ ಮುಳುಗುವುದಿಲ್ಲವಂತೆ.

ಜುಲೈ 20

ಅದನ್ನು ಗಾಳದ ದಾರಕ್ಕೆ ಕಟ್ಟಲಿಲ್ಲ. ಹೊಳೆಯ ದಂಡೆಯಲ್ಲಿ ಡಬ್ಬಿ ತೆರೆದು, ಮುಚ್ಚಿ, ತೆರೆದು… ಕಟ್ಟಲಿಲ್ಲ. ಬೇರೆ ನೊಣದಲ್ಲಿ ಹತ್ತು ಸಿಕ್ಕರೂ ಲೆಕ್ಕಕ್ಕಿಲ್ಲ. ಹಿಂದಿನ ನಾಲ್ಕು ವರ್ಷದ ಪಕ್ಕದಲ್ಲಿ ಇಡಲಾಗದ ಸಂಖ್ಯೆ ಅದು. ಸಿಕ್ಕದಿದ್ದರೆ? ಹೊಳೆ ಖಾಲಿ ಎಂದು ನಾನೇ ಖಚಿತ ಮಾಡಿಕೊಂಡಂತೆ. ಅದನ್ನು ತಿಳಿಯುವ ಧೈರ್ಯ ಇಲ್ಲ. ನಿಯಮ ಅನ್ನುತ್ತೇನೆ. ಅರ್ಧ ಭಯ.

ಅಂಗಡಿಯ ನೊಣ ಈಗ ಮೇಜಿನ ಡ್ರಾಯರಿನಲ್ಲಿದೆ.

ಆಗಸ್ಟ್ 14

ಸತ್ತ ಹಿರಿಯರು ಮನೆಗೆ ಬಂದಿರುವ ಹಬ್ಬದ ದಿನಗಳು. ಯಾರೂ ಗಾಳ ಮುಟ್ಟುವುದಿಲ್ಲ. ಎಂಟನೆಯ ಮೀನಿನ ನಂತರ ಮೂರು ವಾರ ಏನೂ ಬರೆದಿಲ್ಲ, ಬರೆಯಲು ಏನೂ ಇರಲಿಲ್ಲ.

ಇಸೊ ಅಜ್ಜಿಯ ಜಗಲಿಯಲ್ಲಿ ಎಡೆ. ಹಿರಿಯರು ಬೇಗ ಬರಲೆಂದು ಕಡ್ಡಿಕಾಲಿನ ಸೌತೆಕಾಯಿ ಕುದುರೆ, ನಿಧಾನ ಹೋಗಲೆಂದು ಬದನೆಕಾಯಿ ಹಸು. ಗಂಡನಿಗೆ ಅಕ್ಕಿಯ ಮದ್ಯ, ಅತ್ತೆಗೆ ಕಲ್ಲಂಗಡಿ. ಎಲ್ಲದರ ಕೊನೆಗೆ ಡಬ್ಬದ ಮುಚ್ಚಳದಲ್ಲಿ ಒಂದು ಹಿಡಿ ಜೋಳದ ನುಚ್ಚು.

“ಇದು ಯಾರಿಗೆ?”

“ಯಾರಿಗಾದ್ರೂ. ಹಸಿದವರು ಬರ್ತಾರಲ್ಲ.”

ಗುಬ್ಬಿಗಳಿಗಿರಬೇಕು ಎಂದುಕೊಂಡೆ.

ಆಗಸ್ಟ್ 30

ತಿಂಗಳಿಗೆ ಮೂರು. ಒಟ್ಟು ಹನ್ನೊಂದು. ಇನ್ನು ನಾಲ್ಕು ಬೆಳಗು. ಗುಣಾಕಾರ ನನಗೂ ಬರುತ್ತದೆ.

ಸೆಪ್ಟೆಂಬರ್ 6, ಬೆಳಿಗ್ಗೆ 9

ಬೂಟು ಬಿಚ್ಚದೆಯೇ ಬರೆಯುತ್ತಿದ್ದೇನೆ, ಅಕ್ಷರ ಹೇಗಾದರೂ ಬರಲಿ.

ಬಿಸಿಲಿಗೆಂದು ಹಳೆಯ ಹುಲ್ಲಿನ ಟೊಪ್ಪಿ ಹಾಕಿದ್ದೆ. ಕಟ್ಟೆ ದಾಟಿ ಕೂತು ಬೆವರು ಒರೆಸುವಾಗ ಪಟ್ಟಿಯೊಳಗೆ ಬೆರಳಿಗೆ ಚುಚ್ಚಿತು. ಒಂದು ಬೂದು ನೊಣ. ಹೋದ ವರ್ಷದ್ದು. ಮೀನಿನ ಹಲ್ಲಿಗೆ ಮೈ ಹರಿದಿದೆ, ಗರಿ ಮಾತ್ರ ಮುಳ್ಳುಹಂದಿ. ಮೂರರಲ್ಲಿ ಒಂದೇ ತಾನೇ. ನಿಯಮದೊಳಗೇ ಇದೆ. ಕಟ್ಟಿದೆ.

ನಿಂತಿತು! ನೊರೆಯ ಮೇಲೆ, ಬೆನ್ನು ನೆಟ್ಟಗೆ. ಮೊದಲನೆಯ ಎಸೆತಕ್ಕೇ ಮೀನು. ಎರಡನೆಯ ಮಡುವಿನಲ್ಲಿ ಎರಡು. ಅಡ್ಡ ಬಿದ್ದ ಮರದ ಕೆಳಗೆ ಒಂದು, ಜಲಪಾತದ ಬಾಲದಲ್ಲಿ ಒಂದು, ಅದು ಮೊಣಕೈ ಉದ್ದ. ಒಂದು ಗಂಟೆಯಲ್ಲಿ ಐದು. ಎಲ್ಲವಕ್ಕೂ ನುಚ್ಚಕ್ಕಿ ಚುಕ್ಕೆ. ಕೊನೆಯದನ್ನು ನೀರಿನಲ್ಲೇ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಅದು ತಾನಾಗಿ ಕೈಬಿಟ್ಟು ಹೋಯಿತು.

ಆರನೆಯ ಎಸೆತಕ್ಕೆ ನೊಣ ಹಿಂದಿನ ಕೊಂಬೆಗೆ ಸಿಕ್ಕಿತು. ಎಳೆದೆ. ದಾರ ಮಾತ್ರ ಬಂತು.

ಹೊಳೆ ತುಂಬಿದೆ. ಹೊಳೆ ತುಂಬಿದೆ.

ಸೆಪ್ಟೆಂಬರ್ 7

ಲೆನ್ಸ್ ಹಿಡಿದು ಈ ವರ್ಷದ ನೊಣಗಳನ್ನು ನೋಡಿದೆ. ಸುತ್ತು ಬಿಗಿಯಾಗಿಯೇ ಇದೆ. ನನ್ನ ಕೈಯದು ತಪ್ಪಲ್ಲ. ಎಳೆಯ ಬುಡದಲ್ಲಿ ಬೂಷ್ಟು ಹಿಡಿದಂಥ ಮೃದು ಉಣ್ಣೆ, ನೀರು ಕುಡಿಯುವುದೇ ಅದು. ಬಣ್ಣ ಅದೇ, ಕಪ್ಪು ಬಿಳಿ ಪಟ್ಟೆಯೂ ಅದೇ. ಆದರೆ ತುದಿ ದುಂಡು. ಹುಂಜದ ಕತ್ತಿನ ಗರಿಗೆ ತುದಿ ಚೂಪು. ಇದು ಹೆಣ್ಣುಕೋಳಿಯ ಗರಿ. ಮುಳುಗುವ ನೊಣಕ್ಕೆ ಕಟ್ಟುವಂಥದ್ದು.

ಹೊಸವರ್ಷದಂದು ಪೊಟ್ಟಣ ಬಿಚ್ಚಿದಾಗಲೇ ಬೆರಳಿಗೆ ಗೊತ್ತಾಗಿತ್ತು ಅಲ್ಲವೇ? ಗೊತ್ತಾಗಿತ್ತು. ಉಡುಗೊರೆ ಎಂದು ಬೆರಳಿನ ಮಾತನ್ನು ಕೇಳಲಿಲ್ಲ.

ಸೆಪ್ಟೆಂಬರ್ 8

ದಾರಿಬದಿಯ ತರಕಾರಿ ಕಪಾಟಿನ ಹತ್ತಿರ ಸೈತಾಮಾದಾಕೆ ಸಿಕ್ಕಳು. ಬದನೆಕಾಯಿ ಆರಿಸುತ್ತಿದ್ದಳು. ಹುಂಜದಿಂದ ಈಗ ತೊಂದರೆ ಇಲ್ಲವಲ್ಲ ಎಂದೆ.

“ಯಾವ ಹುಂಜ? ಹುಂಜ ಕೂಗಿ ಎಬ್ಬಿಸೋ ಊರು ಅಂತಾನೇ ಜನವರೀಲಿ ಬಂದ್ವಿ. ಒಂದ್ಸಲಾನೂ ಕೇಳಿಲ್ಲ. ನಮ್ಮೆಜಮಾನ್ರು ಅಲಾರಂ ಇಟ್ಕೊಂಡು ಏಳ್ತಾರೆ, ಅವಮಾನ.”

ಅಂದರೆ ಜನವರಿಗೂ ಮೊದಲೇ. ಕೊಟ್ಟಿಗೆಯಲ್ಲಿ ರಜಾಯಿ ಇಲ್ಲ, ಪಂಜರದಲ್ಲಿ ಯಜಮಾನರಿಲ್ಲ. ಮುಚ್ಚಳದಲ್ಲಿ ಜೋಳದ ನುಚ್ಚು.

ಇಸೊ ಅಜ್ಜಿಯ ಬೇಲಿಯ ತನಕ ಹೋದೆ. ಅವರು ಮೂಲಂಗಿ ಮಡಿಯಲ್ಲಿ ಬಗ್ಗಿದ್ದರು. ಕೈ ಬೀಸಿದರು. ನಾನೂ ಬೀಸಿದೆ. ಏನೆಂದು ಕೇಳಲಿ? ‘ನೀವು ಕೊಟ್ಟದ್ದು ಸುಳ್ಳು’ ಎಂದೇ?

ಸೆಪ್ಟೆಂಬರ್ 12

ಒಂದು. ಒಟ್ಟು ಹದಿನೇಳು. ನೊಣ ಎರಡನೆಯ ಎಸೆತಕ್ಕೆ ಮುಳುಗುತ್ತದೆ, ಮೊದಲನೆಯದಕ್ಕೇ ಸಿಕ್ಕಬೇಕು.

ಅಂಗಡಿಯಿಂದ ಹುಂಜದ ಗರಿ ತಂದು ಹೊಸದಾಗಿ ಕಟ್ಟಬಹುದು. ಆದರೆ ‘ಅದೇ ಗರಿ’ ಎಂದು ಪ್ರತಿ ವರ್ಷ ಮೀನಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ನಾನೇ ಹೆಮ್ಮೆಯಿಂದ ಬರೆದಿದ್ದೇನೆ. ಯಾರ ಗರಿ ಎಂಬುದು ಊರಿಗೇ ಗೊತ್ತು. ಗರಿ ಬದಲಾಯಿಸಿದೆ ಎಂದು ಬರೆದರೆ, ಯಾಕೆ ಎಂದು ಸಭೆ ಕೇಳುತ್ತದೆ. ಯಾಕೆ ಎಂಬುದಕ್ಕೆ ಇರುವ ಉತ್ತರ ಒಂದೇ, ಅದರ ಹೆಸರು ಇಸೊ. ಇಲ್ಲಿ ಜನ ಜೋರು ಮಾಡುವುದಿಲ್ಲ, ನಗುತ್ತಾರೆ. ಹತ್ತು ವರ್ಷ ನಗುತ್ತಾರೆ.

ಸೆಪ್ಟೆಂಬರ್ 18

ಸೊನ್ನೆ. ಇಪ್ಪತ್ತು ಬೆಳಗು ಮುಗಿಯಿತು.

ಸೆಪ್ಟೆಂಬರ್ 19

ಬೆಳಿಗ್ಗೆ ಮೊದಲ ಪುಟದಲ್ಲಿ ಬರೆದೆ: ‘ಈ ವರ್ಷ ಗರಿ ಹಿಂದಿನದಲ್ಲ.’ ಹೊಡೆದುಹಾಕಿದೆ. ಮತ್ತೆ ಬರೆದೆ. ಮತ್ತೆ ಹೊಡೆದೆ. ಕೊನೆಗೆ ಹಾಳೆಯನ್ನೇ ಕಿತ್ತು, ಹಳೆಯ ಒಕ್ಕಣೆಯನ್ನೇ ನಕಲು ಮಾಡಿದೆ. ಅದೇ ಜಾಗ, ಅದೇ ನೊಣ, ಅದೇ ಗರಿ. ಒಟ್ಟು 17.

ಸಂಘದ ಆಫೀಸು. ಕೊನ್ನೊ-ಸಾನ್ ಪುಟ ತಿರುವಿದರು. ಸೆಪ್ಟೆಂಬರ್ ಆರರ ಮೇಲೆ ಬೆರಳು ನಿಂತಿತು.

“ಒಂದೇ ದಿನ ಐದು?”

“ಹೌದು.”

“ಉಳಿದ ದಿನ ಸೊನ್ನೆ, ಒಂದು, ಸೊನ್ನೆ. ಇದೇನ್ರೀ ಇದು? ಜ್ವರದ ಚಾರ್ಟ್ ಇದ್ದಂಗಿದೆ.”

“ಅವತ್ತು ಮೋಡ ಇತ್ತು” ಎಂದೆ. ಅವತ್ತು ಬಿಸಿಲಿಗೆ ಟೊಪ್ಪಿ ಹಾಕಿದ್ದೆ.

ಅವರು ಕನ್ನಡಕ ತೆಗೆದರು. “ಟೀಚರಮ್ಮ, ನಾನು ಗೆಲ್ಲಬೇಕು ಅಂತ ಕೂತಿಲ್ಲ. ನಮ್ಮಪ್ಪ ನನ್ನ ಮೊದ್ಲು ಕರ್ಕೊಂಡು ಹೋಗಿದ್ದೂ ಆ ಕಟ್ಟೆ ಮೇಲ್ಗಡೆಗೇನೆ. ಹೇಳೋದೇನಾದ್ರೂ ಇದ್ರೆ ಈಗ್ಲೇ ಹೇಳಿಬಿಡಿ. ಸುತ್ತೋಲೆ ಅಚ್ಚಾದ ಮೇಲೆ ನನ್ನ ಕೈಲಿಲ್ಲ.”

ಹೊರಗೆ ಯಾರದೋ ಹುಲ್ಲು ಕತ್ತರಿಸುವ ಮೆಷಿನ್ನು.

“ಇಲ್ಲ” ಎಂದೆ.

“ಸರಿ. ಇಪ್ಪತ್ತೇಳಕ್ಕೆ ಸಭೆ. ಮುಗಿದ ಮೇಲೆ ಹೊಳೆ ದಂಡೆಲಿ ಕೆಸುಗಡ್ಡೆ ಸಾರು. ಅದಕ್ಕಾದ್ರೂ ಬನ್ನಿ.”

ಸೆಪ್ಟೆಂಬರ್ 20

ಅಂಗಳ ಗುಡಿಸಿದೆ. ಎರಡು ಸಲ.

ಸೆಪ್ಟೆಂಬರ್ 23

ಲೈಬ್ರರಿಯ ಪದ್ಯದ ತರಗತಿ. ಒಬ್ಬಾಕೆ ಬರೆದ ಕೊಕ್ಕರೆಯ ಪದ್ಯ ತಿದ್ದಬೇಕಿತ್ತು. ‘ನಿಜವಾಗಿ ಕಂಡದ್ದನ್ನಷ್ಟೇ ಬರೆಯಿರಿ’ ಎಂದು ಅಂಚಿನಲ್ಲಿ ಬರೆದೆ, ಹದಿನೈದು ವರ್ಷದಿಂದ ಬರೆಯುವ ಹಾಗೆ. ಪೆನ್ನು ಅಲ್ಲೇ ನಿಂತಿತು. ತಲೆನೋವು ಎಂದು ಹೇಳಿ ಬೇಗ ಎದ್ದು ಬಂದೆ.

ಬಸ್ಸಿನಲ್ಲಿ ಆ ಮೀನೇ ಕಣ್ಣಮುಂದೆ, ಕೈಬಿಟ್ಟು ಹೋದದ್ದು. ಅದಕ್ಕೆ ನಾನು ಯಾರು? ನೆರೆಯ ಅಜ್ಜಿಯ ಮುಖ ಉಳಿಸಲು ಅದರ ಸಂತಾನವನ್ನು ಕೊಟ್ಟೆ. ಸಂಜೆ ಇಸೊ ಅಜ್ಜಿ ಬೇಲಿಯಾಚೆಯಿಂದ ಮೂಲಂಗಿ ಎತ್ತಿ ತೋರಿಸಿ ನಕ್ಕಾಗ, ಕೊಟ್ಟದ್ದೇ ಸರಿ ಅನಿಸಿತು. ಮನೆಯೊಳಗೆ ಬಂದ ಕೂಡಲೇ ಇಲ್ಲ.

ಸೆಪ್ಟೆಂಬರ್ 25

ಕೊನ್ನೊ-ಸಾನ್‌ಗೆ ಫೋನ್ ಮಾಡಲು ಎರಡು ಸಲ ಎತ್ತಿದೆ. ಒಮ್ಮೆ ರಿಂಗೂ ಆಯಿತು. ಇಟ್ಟುಬಿಟ್ಟೆ.

ಸುತ್ತೋಲೆಯ ಹಲಗೆ ಮೇಲ್ಮನೆಯಿಂದ ಹೊರಟಿದೆಯಂತೆ. ಮನೆಯಿಂದ ಮನೆಗೆ, ಓದಿ, ಮೊಹರು ಒತ್ತಿ, ಪಕ್ಕದವರಿಗೆ. ನನಗೆ ಅದನ್ನು ತರುವುದು ಇಸೊ ಅಜ್ಜಿ. ಸಾಮಾನ್ಯವಾಗಿ ಬಾಗಿಲ ಹತ್ತಿರ ಒರಗಿಸಿಟ್ಟು, ಅದರ ಜೊತೆಗೆ ಒಂದು ಸೌತೆಕಾಯಿಯೋ ಏನೋ ಇಟ್ಟು ಹೋಗುತ್ತಾರೆ.

ಸೆಪ್ಟೆಂಬರ್ 26, ಸಂಜೆ 5:40

ದಿನವೂ ಐದು ಗಂಟೆಗೆ ಹಾಕುವ ಹಾಡು ಊರಿನ ಧ್ವನಿವರ್ಧಕದಲ್ಲಿ ಮುಗಿಯುತ್ತಿತ್ತು. ಬಾಗಿಲು ಸರಿದ ಸದ್ದು. ಹಲಗೆಯನ್ನು ಎದೆಗೆ ಒತ್ತಿಕೊಂಡು ಇಸೊ ಅಜ್ಜಿ. ಕೈಯಲ್ಲಿ ಬೇರೇನೂ ಇಲ್ಲ. ಐದು ವರ್ಷದಲ್ಲಿ ಮೊದಲ ಸಲ ಬರಿಗೈ.

ಒಳಗೆ ಬನ್ನಿ ಎಂದೆ. ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಹಲಗೆ ಮುಂದೆ ಹಿಡಿದರು. ನನ್ನ ಹದಿನೇಳು ಅಲ್ಲಿ ದಪ್ಪಕ್ಷರದಲ್ಲಿತ್ತು. ಕೆಳಗೆ ಮನೆಗಳ ಚೌಕಗಳು, ಹಲಗೆ ದಾಟಿ ಬಂದ ಒಂದೊಂದರಲ್ಲೂ ಕೆಂಪು ಮೊಹರು. ಇಸೊ ಅಜ್ಜಿಯ ಚೌಕ ಖಾಲಿ.

“ಇಲ್ಲಿ ‘ಅದೇ ಗರಿ’ ಅಂತ ಇದೆ.”

“ಹೌದು.”

“ನೀವೇ ಬರೆದಿದ್ದಾ?”

“ನಾನೇ.”

“ಗೊತ್ತಿದ್ದೂ?”

ಹಲಗೆಗೆ ಕೈ ಚಾಚಿದೆ.

“ಅಂದ್ರೆ ಗೊತ್ತಿತ್ತು.” ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದರು. “ಎಪ್ಪತ್ತಾರು ವರ್ಷದಲ್ಲಿ ಸುತ್ತೋಲೆಗೆ ಮೊಹರು ಒತ್ತದೆ ಇದ್ದಿದ್ದಿಲ್ಲ ನಾನು. ಇವತ್ತು ಒತ್ತಕ್ಕೆ ಕೈ ಬರಲಿಲ್ಲ. ಯಜಮಾನ್ರು ಡಿಸೆಂಬರಲ್ಲೇ ಹೋದ್ರು, ಮೊದಲನೇ ಹಿಮಕ್ಕೆ. ಪರ್ಸಿಮನ್ ಮರದ ಬುಡದಲ್ಲಿದಾರೆ. ನಿಮಗೆ ಕೊಟ್ಟಿದ್ದು ಅವರ ಮಗಳ ಗರಿ. ಪಟ್ಟೆ ಒಂದೇ ತರ ಇತ್ತು, ನಡೆಯುತ್ತೆ ಅಂದ್ಕೊಂಡೆ. ಗರಿ ಅಂದ್ರೆ ಗರಿ ಅಲ್ವಾ, ನನಗೇನು ಗೊತ್ತು? ನಾಳೆ ಸಭೇಲಿ ನಾನೇ ಎದ್ದು ಹೇಳ್ತೀನಿ. ಆ ಕೊನ್ನೊ ಚಡ್ಡಿ ಹಾಕ್ಕೊಳ್ಳೋಕೆ ಮುಂಚಿಂದ ನೋಡಿದೀನಿ ಅವನನ್ನ, ಅವನ ಮುಂದೆ ನನಗೇನು ನಾಚಿಕೆ?”

“ಹೊಸವರ್ಷಕ್ಕೇ ಒಂದು ಮಾತು ಹೇಳ್ಬಹುದಿತ್ತಲ್ಲ ಅಜ್ಜಿ? ಹುಂಜ ಇಲ್ಲ ಅಂತ. ಅಷ್ಟೇ ತಾನೆ?”

ತಲೆ ಬಗ್ಗಿಸಿ ಬಾಗಿಲಲ್ಲಿದ್ದ ನನ್ನ ಒದ್ದೆ ಬೂಟುಗಳನ್ನು ನೋಡಿದರು. ಬಗ್ಗಿ, ಓರೆಯಾಗಿದ್ದ ಒಂದನ್ನು ಇನ್ನೊಂದರ ಪಕ್ಕಕ್ಕೆ ನೇರ ಇಟ್ಟರು.

“ಗರಿ ಇಲ್ಲ ಅಂದಿದ್ರೆ, ಟೀಚರಮ್ಮ, ನೀವು ಯಾಕೆ ಬರ್ತಿದ್ರಿ?”